34ನೆಯ ಸ್ಥಾನವನ್ನು ಓದುವ ಬಗೆ

2018ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿದ್ದಾಗ, ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಬಂದಿದ್ದ ಒಂದು ಸಣ್ಣ ಸುದ್ದಿ ಇಷ್ಟು ವರ್ಷಗಳಾದರೂ ನನ್ನ ತಲೆಯಿಂದ ಹೋಗಿಲ್ಲ. ಭಾರತದ ಶಿವ ಕೇಶವನ್ ಲೂಜ್ ಸ್ಪರ್ಧೆಯಲ್ಲಿ (ಸ್ಲೆಡ್ ಎಂಬ ಚಿಕ್ಕ ಜಾರುಬಂಡಿಯ ಮೇಲೆ ಮಲಗಿ ಮಂಜುಗಡ್ಡೆಯ ಇಳಿಜಾರಿನಲ್ಲಿ ಇಳಿಯುವ ಆಟ) 34ನೆಯ ಸ್ಥಾನ ಪಡೆದರು, ಇದು ಅವರ ಆರನೆಯ ಮತ್ತು ಕೊನೆಯ ಒಲಿಂಪಿಕ್ಸ್ ಎಂಬುದಷ್ಟೇ ಅದರಲ್ಲಿದ್ದ ವಿಷಯ. ಆ ಬೆಳಿಗ್ಗೆ ಸರಸ್ವತಿಪುರಂನ ಹೋಟೆಲೊಂದರಲ್ಲಿ ನನ್ನೆದುರು ಕುಳಿತು ಅದೇ ಪುಟ ತಿರುವುತ್ತಿದ್ದ ಹಿರಿಯರೊಬ್ಬರು, "ಆರು ಸಲ ಹೋಗಿ ಮೂವತ್ತನಾಲ್ಕನೇ ಸ್ಥಾನವಾ?" ಎಂದು ಪತ್ರಿಕೆ ಮಡಚಿಟ್ಟು ಕಾಫಿಗೆ ಕೈಚಾಚಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಬೇಸರವಿತ್ತು. ಅವರಿಗೆ ಏನಾದರೂ ಹೇಳಬೇಕೆಂದು ನನಗೂ ಅನ್ನಿಸಿತು. ಆದರೆ ಹೇಳುವುದಕ್ಕೆ ಬೇಕಾದ ತಿಳಿವಳಿಕೆ ಆಗ ನನ್ನಲ್ಲಿ ಇರಲಿಲ್ಲ. ಕ್ರಿಕೆಟಿನಲ್ಲಿ ಒಬ್ಬ ಆಟಗಾರ 34 ರನ್ ಹೊಡೆದ ಎಂದರೆ ಯಾವ ಪಿಚ್, ಯಾವ ಬೌಲರ್, ಎಷ್ಟು ಚೆಂಡು ಎಂದು ಮೈಸೂರಿನ ಯಾವ ಗಲ್ಲಿಯಲ್ಲಿ ಬೇಕಾದರೂ ಚರ್ಚೆ ನಡೆಯುತ್ತದೆ. ನಾವು ಆಡದ, ನೋಡದ ಒಂದು ಆಟದಲ್ಲಿ ಒಬ್ಬ ಭಾರತೀಯ ಇಪ್ಪತ್ತು ವರ್ಷ ಕಳೆದಿದ್ದಾನೆಂದರೆ, ಆ ಬದುಕನ್ನು ಅಳೆಯಲು ನಮ್ಮ ಕೈಯಲ್ಲಿ ಇರುವುದು ಸ್ಥಾನವನ್ನು ಸೂಚಿಸುವ ಆ ಒಂದು ಸಂಖ್ಯೆ ಮಾತ್ರ.

ಆ ಸಂಖ್ಯೆಯನ್ನು ಬಿಡಿಸಿ ಓದಬೇಕೆಂಬ ಹಟದಿಂದ ನಾನು ಲೂಜ್ ಬಗ್ಗೆ ತಿಳಿದುಕೊಳ್ಳಲು ಶುರು ಮಾಡಿದೆ. ಚಾಮುಂಡಿ ಬೆಟ್ಟದ ತಪ್ಪಲಿನ, ಜನವರಿಯ ಮುಂಜಾನೆಯ ಮಂಜನ್ನೇ ದೊಡ್ಡ ಚಳಿ ಎಂದುಕೊಳ್ಳುವ ಊರಿನವನಿಗೆ ಈ ಆಟದ ಮೇಲೆ ಇಷ್ಟು ಅಕ್ಕರೆ ಯಾಕೆ ಎಂದು ಮನೆಯವರು ಕೇಳುವುದುಂಟು. ಕೇಶವನ್ ಎಂಬ ಮನುಷ್ಯನ ಕ್ರೀಡಾಜೀವನವನ್ನು ಸರಿಯಾಗಿ ಓದಲು ಕಲಿತರೆ ನಮ್ಮ ಸುತ್ತಮುತ್ತಲಿನ ಎಷ್ಟೋ ಆಟಗಾರರನ್ನೂ ಸರಿಯಾಗಿ ಓದಬಹುದು ಎಂಬುದು ನನ್ನ ಉತ್ತರ.

ಒಂದು ಸೆಕೆಂಡಿನ ಒಳಗೆ

ಲೂಜ್ ಆಟಗಾರ ಕಾಲು ಮುಂದೆ ಮಾಡಿ, ಮುಖ ಆಕಾಶಕ್ಕೆ ಮಾಡಿ, ಅಂಗಾತ ಮಲಗಿ ಮಂಜುಗಡ್ಡೆಯ ಕಾಲುವೆಯಂಥ ಟ್ರ್ಯಾಕ್‌ನಲ್ಲಿ ಇಳಿಯುತ್ತಾನೆ. ಸ್ಲೆಡ್‌ಗೆ ಬ್ರೇಕ್ ಇಲ್ಲ. ಅಡಿಯಲ್ಲಿ ಎರಡು ಬಾಗಿದ ಓಟಪಟ್ಟಿಗಳು, ಅವುಗಳ ತಳಕ್ಕೆ ಉಕ್ಕಿನ ಅಲಗು. ಮೀನಖಂಡದಿಂದ ಆ ಪಟ್ಟಿಯನ್ನು ಒತ್ತುವುದು, ಭುಜವನ್ನು ಸ್ಲೆಡ್‌ಗೆ ಊರುವುದು, ಇವೇ ತಿರುಗಿಸುವ ಉಪಾಯಗಳು. ತಲೆ ಎತ್ತಿ ದಾರಿ ನೋಡಿದರೆ ಗಾಳಿ ತಡೆದು ವೇಗ ಕುಗ್ಗುತ್ತದೆ. ಆದ್ದರಿಂದ ಒಳ್ಳೆಯ ಆಟಗಾರ ದಾರಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ನೆನಪಿನಿಂದ, ಬೆನ್ನಿಗೆ ತಾಗುವ ಒತ್ತಡದಿಂದ ಅರಿಯುತ್ತಾನೆ. ವೇಗ ಗಂಟೆಗೆ 130, 140 ಕಿಲೋಮೀಟರ್ ಮುಟ್ಟುತ್ತದೆ. ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಅದು ಹಾಗಿರಲೇಬೇಕು, ಏಕೆಂದರೆ 1998ರ ನಾಗಾನೋ ಒಲಿಂಪಿಕ್ಸ್‌ನ ಮಹಿಳೆಯರ ಸ್ಪರ್ಧೆಯಲ್ಲಿ ನಾಲ್ಕು ಓಟಗಳ ಒಟ್ಟು ಸಮಯ ಕೂಡಿಸಿದ ಮೇಲೂ ಚಿನ್ನ ಗೆದ್ದ ಜರ್ಮನಿಯ ಸಿಲ್ಕೆ ಕ್ರೌಸ್‌ಹಾರ್ ಮತ್ತು ಬೆಳ್ಳಿ ಗೆದ್ದ ಅವರದೇ ದೇಶದ ಬಾರ್ಬರಾ ನೀಡರ್ನ್‌ಹೂಬರ್ ನಡುವೆ ಉಳಿದದ್ದು 0.002 ಸೆಕೆಂಡಿನ ಅಂತರ. ಆ ವೇಗದಲ್ಲಿ ಅದನ್ನು ದೂರಕ್ಕೆ ಬದಲಾಯಿಸಿದರೆ ನಾಲ್ಕು ಬೆರಳಿನ ಅಗಲವೂ ಆಗಲಿಕ್ಕಿಲ್ಲ.

ಇನ್ನು ಕೇಶವನ್ ಅವರ ಪ್ಯೊಂಗ್‌ಚಾಂಗ್ ಓಟಗಳಿಗೆ ಬರೋಣ. ಅಲ್ಲಿ ಮೂರು ಓಟಗಳ ನಂತರ ಮೊದಲ ಇಪ್ಪತ್ತು ಮಂದಿಗೆ ಮಾತ್ರ ನಾಲ್ಕನೆಯ ಓಟ. ಕೇಶವನ್ ಅವರ ಮೂರು ಸಮಯಗಳು ಹೀಗಿವೆ: ಮೊದಲನೆಯದು 50.578 ಸೆಕೆಂಡ್, ಎರಡನೆಯದು 48.710, ಮೂರನೆಯದು 48.900. ಆ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಆಸ್ಟ್ರಿಯಾದ ಡೇವಿಡ್ ಗ್ಲೈರ್ಶರ್ ಅವರ ಮೊದಲ ಮೂರು ಓಟಗಳು 47.652, 47.835, 47.584. ಎರಡನೆಯ ಓಟವನ್ನು ಅಕ್ಕಪಕ್ಕ ಇಟ್ಟು ನೋಡಿ. ಒಲಿಂಪಿಕ್ ಚಾಂಪಿಯನ್‌ಗೂ ಕೇಶವನ್‌ಗೂ ನಡುವೆ ಇರುವುದು 0.875 ಸೆಕೆಂಡ್, ಅಂದರೆ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಹೆಚ್ಚಿನ ಹಾನಿ ಆದದ್ದು ಮೊದಲ ಓಟದಲ್ಲಿ. ಅದೊಂದರಲ್ಲೇ ಸುಮಾರು ಮೂರು ಸೆಕೆಂಡ್ ಹೋಯಿತು. ಮೂರನೆಯ ಓಟವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಅವರು 30ನೆಯವರು.

ಅದೇ ಸ್ಪರ್ಧೆಯಲ್ಲಿ ಜರ್ಮನಿಯ ಫೆಲಿಕ್ಸ್ ಲೋಖ್ ಅವರಿಗೆ ಏನಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. 2010 ಮತ್ತು 2014ರಲ್ಲಿ ಚಿನ್ನ ಗೆದ್ದಿದ್ದ ಲೋಖ್, ಮೂರು ಓಟಗಳ ಕೊನೆಗೆ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಓಟದಲ್ಲಿ, ಆ ಟ್ರ್ಯಾಕ್‌ನ ಕುಖ್ಯಾತವಾದ ಒಂಬತ್ತನೆಯ ತಿರುವಿನ ಬಳಿ ಸ್ಲೆಡ್ ಒಮ್ಮೆ ಅಡ್ಡ ಸರಿಯಿತು, ಅಷ್ಟೇ. ಅವರು ಐದನೆಯ ಸ್ಥಾನಕ್ಕೆ ಕುಸಿದರು. ಗ್ಲೈರ್ಶರ್ ಅಮೆರಿಕದ ಕ್ರಿಸ್ ಮಾಜ್ಡ್‌ಜರ್ ಅವರನ್ನು 0.026 ಸೆಕೆಂಡಿನಿಂದ ಹಿಂದಿಕ್ಕಿ ಚಿನ್ನ ಪಡೆದರು. ಜಗತ್ತಿನ ಅತಿ ಶ್ರೇಷ್ಠ ಆಟಗಾರನಿಗೂ ಒಂದು ತಿರುವು ಹೀಗೆ ಮಾಡಬಲ್ಲದು ಎಂದಾದರೆ, ವರ್ಷದಲ್ಲಿ ಕೆಲವೇ ವಾರ ಮಂಜುಗಡ್ಡೆಯ ಮೇಲೆ ಇಳಿಯಲು ಅವಕಾಶ ಸಿಗುವ ಒಬ್ಬನ ಮೊದಲ ಓಟದಲ್ಲಿ ಮೂರು ಸೆಕೆಂಡ್ ಹೋದದ್ದು ನನಗೆ ಈಗ ಬೇರೆಯಾಗಿಯೇ ಕಾಣುತ್ತದೆ.

ಎಲ್ಲಿಂದ ಬರುತ್ತದೆ ಈ ಅಂತರ

ಲೂಜ್‌ನಲ್ಲಿ ಆರಂಭವೇ ಅರ್ಧ ಆಟ ಎನ್ನುತ್ತಾರೆ. ಆಟಗಾರ ಸ್ಲೆಡ್ ಮೇಲೆ ಕುಳಿತು, ಎರಡು ಬದಿಯ ಹಿಡಿಕೆಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಿ, ಒಮ್ಮೆಲೇ ತನ್ನನ್ನು ಮುಂದಕ್ಕೆ ಎಳೆದೆಸೆದುಕೊಳ್ಳುತ್ತಾನೆ. ಅನಂತರ ಬೆರಳ ತುದಿಯಲ್ಲಿ ಮೊಳೆಗಳಿರುವ ಕೈಗವಸಿನಿಂದ ಮಂಜುಗಡ್ಡೆಯನ್ನು ಕೆಲವು ಸಲ ಗೀರಿ, ತಕ್ಷಣ ಅಂಗಾತ ಮಲಗುತ್ತಾನೆ. ಅಲ್ಲಿ ಕಳೆದುಕೊಂಡ ವೇಗವನ್ನು ಕೆಳಗೆ ಎಲ್ಲಿಯೂ ಕೊಂಡುಕೊಳ್ಳಲಾಗದು. ಮೇಲೆ ಸಣ್ಣದಾಗಿದ್ದ ಕೊರತೆ ಇಳಿಯುತ್ತಾ ಇಳಿಯುತ್ತಾ ದೊಡ್ಡದಾಗುತ್ತದೆ. ಜರ್ಮನಿಯಂಥ ದೇಶಗಳಲ್ಲಿ ಈ ಆರಂಭದ ಅಭ್ಯಾಸಕ್ಕೆಂದೇ ಮಂಜುಗಡ್ಡೆಯ ಇಳಿಜಾರುಗಳಿವೆ, ಬೇಸಿಗೆಯಲ್ಲಿಯೂ ಅಭ್ಯಾಸ ನಡೆಯುತ್ತದೆ. ಎರಡನೆಯ ವಿಷಯ ಉಕ್ಕು. ಅಲಗಿನ ಹೊಳಪು, ಅದರ ಕೋನ, ಆ ದಿನದ ಮಂಜುಗಡ್ಡೆ ಎಷ್ಟು ಗಟ್ಟಿ ಎಂಬುದಕ್ಕೆ ತಕ್ಕಂತೆ ಅದನ್ನು ಹೊಂದಿಸುವುದು, ಇದೆಲ್ಲ ಒಂದು ಪ್ರತ್ಯೇಕ ವಿದ್ಯೆ. ಬಿಸಿ ಮಾಡಿದ ಉಕ್ಕು ವೇಗವಾಗಿ ಜಾರುವುದರಿಂದ ಓಟಕ್ಕೆ ಮುನ್ನ ಅದರ ಉಷ್ಣಾಂಶವನ್ನು ಅಧಿಕಾರಿಗಳು ಪರೀಕ್ಷಿಸುತ್ತಾರೆ. ಮೂರನೆಯದು ಒಂದೇ ಟ್ರ್ಯಾಕ್‌ನಲ್ಲಿ ಎಷ್ಟು ಸಲ ಇಳಿದಿದ್ದೀರಿ ಎಂಬುದು. ಒಂದು ಓಟ ಮುಗಿಯುವುದು ಮುಕ್ಕಾಲು ನಿಮಿಷದಲ್ಲಿ, ದಿನಕ್ಕೆ ಸಿಗುವುದು ಕೆಲವೇ ಓಟಗಳು. ತಿರುವುಗಳು ಮೈಗೆ ಹತ್ತಬೇಕಾದರೆ ಸಾವಿರಾರು ಸಲ ಇಳಿಯಬೇಕು.

ಈ ಮೂರೂ ಒಂದೆಡೆ ಸಿಗುವ ಊರು ಹೇಗಿರುತ್ತದೆ ಎಂಬುದಕ್ಕೆ ಜರ್ಮನಿಯ ಬೆರ್ಖ್ಟೆಸ್‌ಗಾಡನ್ ಕಡೆ ನೋಡಬೇಕು. ಅಲ್ಲಿನ ಕೋನಿಗ್ಸ್‌ಜೀ ಸರೋವರದ ಪಕ್ಕದಲ್ಲಿ 1960ರ ದಶಕದ ಕೊನೆಯಲ್ಲಿ ಕಟ್ಟಿದ್ದು ಯಂತ್ರದಿಂದ ಮಂಜುಗಡ್ಡೆ ಕಟ್ಟಿಸುವ ಜಗತ್ತಿನ ಮೊದಲ ಟ್ರ್ಯಾಕ್. 1992, 1994, 1998, ಹೀಗೆ ಸತತ ಮೂರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಗೇಯೊರ್ಗ್ ಹಾಕ್ಲ್ ಆ ಊರಿನವರು, ಕಸುಬಿನಲ್ಲಿ ಲೋಹದ ಕೆಲಸ ಕಲಿತವರು, ತಮ್ಮ ಸ್ಲೆಡ್‌ನ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದವರು. ಲೋಖ್ ಬೆಳೆದದ್ದೂ ಅದೇ ಟ್ರ್ಯಾಕ್‌ನಲ್ಲಿ, ಅವರ ತಂದೆ ಜರ್ಮನ್ ತಂಡದ ತರಬೇತುದಾರರಾಗಿದ್ದರು. ಮೈಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಳೆಯ ಮೊಹಲ್ಲಾಗಳಲ್ಲಿ ಗರಡಿಮನೆಗಳು ಇದ್ದದ್ದು, ಇರುವುದು ಹೀಗೆಯೇ. ಮಟ್ಟಿಯ ಕೆಮ್ಮಣ್ಣನ್ನು ಹದ ಮಾಡುವುದು, ದಂಡ, ಬಸ್ಕಿ, ಉಸ್ತಾದರ ಬೈಗುಳ, ಗೋಡೆಗೆ ಒರಗಿ ಕುಳಿತು ಪಟ್ಟು ನೋಡುವ ಮುದುಕರು, ಬಾಗಿಲಲ್ಲಿ ಇಣುಕುವ ಹುಡುಗರು. ಆ ಮನೆಯೊಳಗೆ ಹುಟ್ಟಿದ ಹುಡುಗನಿಗೆ ಕುಸ್ತಿ ಯಾವಾಗ ಬಂತು ಎಂದು ಅವನಿಗೇ ಗೊತ್ತಿರುವುದಿಲ್ಲ. ಹಾಕ್ಲ್, ಲೋಖ್ ಅವರಿಗೆ ಸಿಕ್ಕಿದ್ದು ಅಂಥ ಗರಡಿ. ಕೇಶವನ್‌ಗೆ ಅದು ಎಂದೂ ಇರಲಿಲ್ಲ, ಭಾರತದಲ್ಲಿ ಇಂದಿಗೂ ಲೂಜ್‌ಗೆ ಮಂಜುಗಡ್ಡೆಯ ಟ್ರ್ಯಾಕ್ ಇಲ್ಲ.

ರಸ್ತೆಯಲ್ಲಿ ಕಲಿತದ್ದು, ರಸ್ತೆಯಲ್ಲಿ ಕಲಿಯಲಾಗದ್ದು

ಕೇಶವನ್ ಹುಟ್ಟಿದ್ದು 1981ರ ಆಗಸ್ಟ್‌ನಲ್ಲಿ. ಬೆಳೆದದ್ದು ಹಿಮಾಚಲದ ಮನಾಲಿ ಬಳಿಯ ವಶಿಷ್ಠ ಎಂಬ ಹಳ್ಳಿಯಲ್ಲಿ. ತಂದೆ ಕೇರಳದವರು, ತಾಯಿ ಇಟಲಿಯವರು. ಇಬ್ಬರೂ ಅಲ್ಲಿಯೇ ಇಟಾಲಿಯನ್ ಊಟದ ಹೋಟೆಲ್ ನಡೆಸುತ್ತಿದ್ದರು. ಸನಾವರದ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಮೊದಲು ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿದ. ಆಸ್ಟ್ರಿಯಾದ ಹಳೆಯ ಲೂಜ್ ಆಟಗಾರ ಗುಂಟರ್ ಲೆಮ್ಮರರ್ ಹರಿಯಾಣದ ಪಂಚಕುಲದಲ್ಲಿ ನಡೆಸಿದ ಶಿಬಿರದಲ್ಲಿ ಲೂಜ್ ಕಣ್ಣಿಗೆ ಬಿತ್ತು. ಅದಾಗಿ ಹೆಚ್ಚು ಕಾಲ ಕಳೆಯುವ ಮುನ್ನವೇ, 1998ರ ನಾಗಾನೋದಲ್ಲಿ, 16ರ ವಯಸ್ಸಿನಲ್ಲಿ, ಎರವಲು ತಂದ ಸ್ಲೆಡ್ ಮೇಲೆ ಮಲಗಿ ಒಲಿಂಪಿಕ್ಸ್‌ನ ಇಳಿಜಾರಿಗೆ ಬಿದ್ದ. ಸ್ಥಾನ 28. ಲೂಜ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಒಲಿಂಪಿಕ್ಸ್ ಅರ್ಹತೆ ಪಡೆದವರು ಅದುವರೆಗೆ ಇರಲಿಲ್ಲ. ಮುಂದಿನ ಸ್ಥಾನಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: 2002ರ ಸಾಲ್ಟ್ ಲೇಕ್‌ನಲ್ಲಿ 33, 2006ರ ಟೊರಿನೊದಲ್ಲಿ 25, 2010ರ ವ್ಯಾಂಕೂವರ್‌ನಲ್ಲಿ 29, 2014ರ ಸೋಚಿಯಲ್ಲಿ 37, 2018ರಲ್ಲಿ 34. ಇದರ ನಡುವೆ ಏಷ್ಯಾ ಮಟ್ಟದಲ್ಲಿ ಅವರು ನಿಜವಾದ ಅರ್ಥದಲ್ಲಿ ಚಾಂಪಿಯನ್ ಆದರು. 2011ರಲ್ಲಿ ನಾಗಾನೋದಲ್ಲಿ ಏಷ್ಯಾ ಕಪ್ ಚಿನ್ನ, ಗಂಟೆಗೆ 134.3 ಕಿಲೋಮೀಟರ್ ವೇಗದ ಏಷ್ಯಾ ದಾಖಲೆ. ಮರುವರ್ಷ ಮತ್ತೆ ಚಿನ್ನ. 2016, 2017ರಲ್ಲಿ ಏಷ್ಯಾ ಚಾಂಪಿಯನ್‌ಷಿಪ್. ಈ ಕೊನೆಯದನ್ನು ಜರ್ಮನಿಯ ಆಲ್ಟನ್‌ಬರ್ಗ್ ಟ್ರ್ಯಾಕ್‌ನಲ್ಲಿ ನಡೆಸಿದರು ಎಂಬುದೇ ಏಷ್ಯಾದಲ್ಲಿ ಈ ಆಟದ ಸ್ಥಿತಿಯನ್ನು ಹೇಳುತ್ತದೆ. ಅಲ್ಲಿ ಕೇಶವನ್ 55.60 ಸೆಕೆಂಡ್, ಎರಡನೆಯವರಾದ ಜಪಾನಿನ ಶೋಹೇ ತನಾಕಾ 55.66.

ಈ ಇಪ್ಪತ್ತು ವರ್ಷಗಳ ಅಭ್ಯಾಸದ ದೊಡ್ಡ ಪಾಲು ನಡೆದದ್ದು ಹಿಮಾಲಯದ ಟಾರು ರಸ್ತೆಯಲ್ಲಿ. ಸ್ಲೆಡ್‌ನ ಅಲಗು ಬಿಚ್ಚಿ ಚಕ್ರ ಕಟ್ಟಿ, ಲಾರಿಗಳ, ಕುರಿಮಂದೆಗಳ ನಡುವೆ ನುಸುಳುತ್ತಾ ಇಳಿಯುವ ಅವರ ವಿಡಿಯೊ ನಮ್ಮಲ್ಲಿ ಅನೇಕರು ನೋಡಿದ್ದಾರೆ. ಅದನ್ನು ಹಂಚಿಕೊಳ್ಳುವವರು ಸಾಮಾನ್ಯವಾಗಿ "ನೋಡಿ, ಏನೂ ಇಲ್ಲದೆ ಹೇಗೆ ಸಾಧಿಸಿದ" ಎಂದು ಹೆಮ್ಮೆಪಡುತ್ತಾರೆ. ಆ ಹೆಮ್ಮೆಯ ಬಗ್ಗೆ ನನಗೆ ತಕರಾರಿದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮುಂಜಾನೆ ಸೈಕಲ್ ಹುಡುಗರು ಇಳಿಯುವುದನ್ನು ನೋಡುವಾಗ ನಾನು ಇದನ್ನು ಯೋಚಿಸಿದ್ದೇನೆ. ನಗರದಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಎತ್ತರ. ಜಗತ್ತಿನ ಅತಿ ಕಡಿದಾದ ಟ್ರ್ಯಾಕ್‌ಗಳಲ್ಲಿ ಒಂದಾದ ಕೆನಡಾದ ವಿಸ್ಲರ್‌ನಲ್ಲಿ ಮೇಲಿನಿಂದ ಕೆಳಕ್ಕೆ ಇರುವ ಇಳಿತ 152 ಮೀಟರ್. ಎತ್ತರದ ಲೆಕ್ಕದಲ್ಲಿ ನಮ್ಮ ಬೆಟ್ಟವೇ ಹೆಚ್ಚು. ಆದರೆ ವಿಸ್ಲರ್‌ನಲ್ಲಿ ಅಷ್ಟು ಇಳಿತವನ್ನು ಒಂದೂವರೆ ಕಿಲೋಮೀಟರ್‌ಗೂ ಕಡಿಮೆ ಉದ್ದದಲ್ಲಿ, ಹದಿನಾರು ತಿರುವುಗಳಲ್ಲಿ, ಗೋಡೆಯಂತೆ ಎದ್ದು ನಿಂತ ಮಂಜುಗಡ್ಡೆಯ ಮೇಲೆ ಮುಗಿಸಬೇಕು. ರಸ್ತೆಯಲ್ಲಿ ಮಲಗುವ ಭಂಗಿ ಕಲಿಯಬಹುದು, ಮೀನಖಂಡದ ಒತ್ತಡ ಕಲಿಯಬಹುದು, ಭಯವನ್ನು ಹತೋಟಿಯಲ್ಲಿಡುವುದನ್ನು ಕಲಿಯಬಹುದು. ಗೋಡೆಯಂಥ ತಿರುವಿನೊಳಗೆ ಯಾವ ಎತ್ತರದಲ್ಲಿ ಹೊಕ್ಕರೆ ಯಾವ ಎತ್ತರದಲ್ಲಿ ಹೊರಬೀಳುತ್ತೇವೆ ಎಂಬುದನ್ನು ಕಲಿಯಲಾಗದು. ಟಾರಿನ ಮೇಲೆ ಉಕ್ಕಿನ ಅಲಗಿನ ಗುಣ ತಿಳಿಯದು, ಮಂಜುಗಡ್ಡೆ ಗೀರುವ ಆರಂಭವೂ ಬಾರದು. ಆದ್ದರಿಂದ ರಸ್ತೆಯ ಅಭ್ಯಾಸವನ್ನು ಜಾಣ್ಮೆ ಎಂದು ಮಾತ್ರ ಕೊಂಡಾಡಿದರೆ, ಅದನ್ನು ಅನಿವಾರ್ಯ ಮಾಡಿದ ವ್ಯವಸ್ಥೆಯನ್ನು ನಾವು ಸದ್ದಿಲ್ಲದೆ ಕ್ಷಮಿಸಿದಂತಾಗುತ್ತದೆ. ಎರಡನೆಯ ಓಟದ 0.875 ಸೆಕೆಂಡಿನಲ್ಲಿ ಆ ರಸ್ತೆ ಕೊಟ್ಟದ್ದೂ ಇದೆ, ಕೊಡಲಾಗದ್ದೂ ಇದೆ.

ತಾಯಿ ಇಟಲಿಯವರಾದ್ದರಿಂದ ಇಟಲಿ ತಂಡಕ್ಕೆ ಆಡುವ ದಾರಿಯೂ ಅವರಿಗೆ ತೆರೆದಿತ್ತು, ಅವರು ಅದನ್ನು ಒಪ್ಪಲಿಲ್ಲ. ಇದನ್ನು ದೇಶಪ್ರೇಮ ಎಂಬ ಒಂದೇ ಪದದಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಹಾಗೆ ಮುಗಿಸಿದರೆ ಅವರು ತೆತ್ತ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಇಟಲಿ ಎಂದರೆ 1994ರಿಂದ 2014ರವರೆಗೆ ಸತತ ಆರು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಆರ್ಮಿನ್ ಜೋಗ್ಗೆಲರ್ ಅವರ ತಂಡ. ಆ ತಂಡದಲ್ಲಿದ್ದರೆ ದಿನವೂ ಅಂಥವರ ಹಿಂದೆ ಇಳಿದು ಕಲಿಯಬಹುದಿತ್ತು. ಅಲಗು ಹೊಂದಿಸಲು ತಂತ್ರಜ್ಞರು, ತಿರುವಿನ ಪಕ್ಕ ನಿಂತು ತಪ್ಪು ಹಿಡಿಯಲು ತರಬೇತುದಾರರು ಇರುತ್ತಿದ್ದರು. ಅವರು ಆರಿಸಿಕೊಂಡ ದಾರಿಯಲ್ಲಿ ವ್ಯಾಂಕೂವರ್ ವೇಳೆಗೆ ಸ್ಲೆಡ್‌ಗಾಗಿ ದೆಹಲಿಯ ವಕೀಲರು ಹಣ ಕೂಡಿಸಬೇಕಾಯಿತು, ಸೋಚಿಗೆ ಮುನ್ನ ಜನರಿಂದ ಚಂದಾ ಎತ್ತಬೇಕಾಯಿತು.

ದೊಡ್ಡಪ್ಪ ನೋಡಿದ್ದು

ನಮ್ಮ ದೊಡ್ಡಪ್ಪ ನಜರ್‌ಬಾದಿನ ಕಡೆಯ ಹಳೆಯ ಪೈಲ್ವಾನರು. ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಈಗಲೂ ಮನೆಯಲ್ಲಿ ನಿಲ್ಲುವುದಿಲ್ಲ, ಯಾರಿಗೆ ಯಾರನ್ನು ಜೋಡಿ ಮಾಡಿದರು ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ. ಪ್ಯೊಂಗ್‌ಚಾಂಗ್ ಮುಗಿದ ಮೇಲೆ ಒಂದು ಸಂಜೆ ಅವರಿಗೆ ಮೊಬೈಲ್‌ನಲ್ಲಿ ಕೇಶವನ್ ಅವರ ಸೋಚಿಯ ಅಭ್ಯಾಸದ ಓಟವನ್ನು ತೋರಿಸಿದೆ. ತಿರುವೊಂದರಲ್ಲಿ ಅವರು ಸ್ಲೆಡ್‌ನಿಂದ ಜಾರಿ ಬೀಳುತ್ತಾರೆ. ಸ್ಲೆಡ್ ಕೈಬಿಡುವುದಿಲ್ಲ. ವೇಗ ತಗ್ಗುವ ಮೊದಲೇ ಮೈಯನ್ನು ಎಳೆದುಕೊಂಡು ಮತ್ತೆ ಅದರ ಮೇಲೆ ಅಂಗಾತ ಮಲಗಿ, ಉಳಿದ ದಾರಿಯನ್ನು ಏನೂ ಆಗದವರಂತೆ ಮುಗಿಸುತ್ತಾರೆ. ಆ ವಿಡಿಯೊ ನೋಡಿ ಜಗತ್ತೇ ಚಪ್ಪಾಳೆ ತಟ್ಟಿತ್ತು. ದೊಡ್ಡಪ್ಪ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕವನ್ನು ಪಂಚೆಯ ಅಂಚಿಗೆ ಒರೆಸಿ ಹಾಕಿಕೊಂಡು, "ಇನ್ನೊಂದ್ಸಲ ಹಾಕು" ಎಂದರು. ಆಮೇಲೆ ಇನ್ನೊಂದು ಸಲ. ಬಿದ್ದ ಕ್ಷಣದಲ್ಲಿ ಬೆರಳಿಟ್ಟು ನಿಲ್ಲಿಸಿ, ಕೇಶವನ್ ಅವರ ಎಡಗೈ ಎಲ್ಲಿದೆ, ಸೊಂಟ ಯಾವ ಕಡೆ ಹೊರಳಿದೆ ಎಂದು ಹುಡುಕತೊಡಗಿದರು.

"ತಲೆ ಎತ್ತಿ ದಾರಿ ನೋಡ್ಬಾರ್ದಾ?"

"ನೋಡಿದ್ರೆ ವೇಗ ಕಮ್ಮಿ ಆಗುತ್ತೆ ದೊಡ್ಡಪ್ಪ."

"ನೋಡ್ದೆ ಹೆಂಗ್ಲಾ ತಿರುಗಿಸ್ತಾನೆ?"

ಮೀನಖಂಡ, ಭುಜ ಎಂದೆ. ಅವರು ಕುರ್ಚಿಯಲ್ಲಿ ಕುಳಿತಲ್ಲಿಯೇ ಕಾಲು ನೀಡಿ, ತಮ್ಮ ಮೀನಖಂಡವನ್ನು ಕುರ್ಚಿಯ ಕಾಲಿಗೆ ಒತ್ತಿ ನೋಡಿದರು. ಎಂಬತ್ತರ ಹತ್ತಿರದ ಆ ಕಾಲಿನಲ್ಲಿ ಇನ್ನೂ ಒಂದು ಗಂಟು ಎದ್ದು ನಿಲ್ಲುತ್ತದೆ. ಆಮೇಲೆ ಅವರು ಕೇಳಿದ ಪ್ರಶ್ನೆ, ಇವನ ಉಸ್ತಾದ್ ಯಾರು ಎಂಬುದು. ಮೊದಲು ಒಬ್ಬ ಆಸ್ಟ್ರಿಯಾದವರು ಹೇಳಿಕೊಟ್ಟರು, ಆಮೇಲೆ ಹೆಚ್ಚು ಕಾಲ ತಾನೇ ಎಲ್ಲವನ್ನೂ ನೋಡಿಕೊಂಡಿದ್ದಾನೆ ಎಂದೆ. ಮಟ್ಟಿ ಎಲ್ಲಿ ಎಂದರು. ಮಟ್ಟಿ ಇಲ್ಲ, ರಸ್ತೆಯಲ್ಲಿ ಚಕ್ರ ಕಟ್ಟಿ ಸಾಮು ಮಾಡುತ್ತಾನೆ, ಟ್ರ್ಯಾಕ್ ಬೇಕೆಂದರೆ ಪರದೇಶಕ್ಕೆ ಹೋಗಬೇಕು ಎಂದೆ. ದೊಡ್ಡಪ್ಪ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಟ್ಟಿ ಇಲ್ದೆ ಆರ್ ಸಲ ಹೋಗವ್ನಾ?" ಎಂದರು.

ಹೋಟೆಲಿನ ಹಿರಿಯರು ಹೇಳಿದ್ದೂ ಆರು ಸಲವೇ. ದೊಡ್ಡಪ್ಪನಿಗೆ ಲೂಜ್‌ನ ನಿಯಮಗಳು ಅಂದೂ ಗೊತ್ತಿರಲಿಲ್ಲ, ಇಂದೂ ಅಷ್ಟಾಗಿ ಗೊತ್ತಿಲ್ಲ. ಆದರೆ ಒಂದು ಮೈ ಒಂದು ವಿದ್ಯೆಗೆ ಹದವಾಗಲು ಏನೇನು ಬೇಕು ಎಂಬುದು ಅವರಿಗೆ ಗೊತ್ತು, ಅದು ಇಲ್ಲದಿದ್ದಾಗ ಏನಾಗುತ್ತದೆ ಎಂಬುದೂ ಗೊತ್ತು. ಗರಡಿಯ ನೆಲದಲ್ಲಿ ಸೋತವರನ್ನು ನೋಡಿ ಬೆಳೆದವರು ಅವರು. ಯಾರು ಎಷ್ಟು ಹೊತ್ತು ನಿಂತು ಸೋತರು, ಯಾವ ಪಟ್ಟಿಗೆ ಸಿಕ್ಕಿ ಚಿತ್ ಆದರು, ಎದುರಾಳಿ ಯಾವ ಗರಡಿಯವನು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸೋಲಿನ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ನಮ್ಮ ಕ್ರೀಡಾಪುಟಗಳಿಗೆ ಕಲಿಯಬೇಕಾದದ್ದು ಇದೇ ಓದು ಎಂದು ನನಗೆ ಆ ಸಂಜೆ ದೃಢವಾಯಿತು.

ಬಾವುಟವಿಲ್ಲದೆ

ಸೋಚಿಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಭಾರತೀಯ ಒಲಿಂಪಿಕ್ ಸಂಸ್ಥೆಯ ಚುನಾವಣೆಯ ಗೊಂದಲದಿಂದಾಗಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಡಿಸೆಂಬರ್‌ನಲ್ಲಿ ಅದನ್ನು ಅಮಾನತಿನಲ್ಲಿಟ್ಟಿತ್ತು. ಹಾಗಾಗಿ 2014ರ ಫೆಬ್ರುವರಿಯಲ್ಲಿ ಕೇಶವನ್ ಮತ್ತು ಇತರ ಇಬ್ಬರು ಭಾರತೀಯರು ಉದ್ಘಾಟನೆಯ ದಿನ ತ್ರಿವರ್ಣದ ಬದಲು ಒಲಿಂಪಿಕ್ ಬಾವುಟದ ಹಿಂದೆ ನಡೆದರು. ಕೇಶವನ್ ಅವರ ಓಟಗಳು ಮುಗಿದದ್ದು 9ರಂದು. ಅಮಾನತು ತೆರವಾದದ್ದು 11ರಂದು. ಎರಡೇ ದಿನ. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ದೇಶದ ಹೆಸರಿಲ್ಲ, ಸ್ವತಂತ್ರ ಸ್ಪರ್ಧಿ ಎಂದಿದೆ. ಬೇರೆ ದೇಶ ಕರೆದಾಗ ಹೋಗದೆ ಉಳಿದವರಿಗೆ ಹೀಗಾಯಿತು. ಆಟಗಾರರ ಯಾವ ತಪ್ಪೂ ಇಲ್ಲದ ಒಂದು ಜಗಳದ ಫಲವನ್ನು ಆಟಗಾರರೇ ಉಂಡರು ಎಂಬ ಸಿಟ್ಟು ನನ್ನಲ್ಲಿ ಈಗಲೂ ಇದೆ.

ಈ ಆಟದ ಅಪಾಯವನ್ನೂ ಮರೆಯಬಾರದು. 2010ರ ಫೆಬ್ರುವರಿ 12ರಂದು, ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ವಿಸ್ಲರ್‌ನ ಕೊನೆಯ ತಿರುವಿನಲ್ಲಿ ಜಾರ್ಜಿಯಾದ 21 ವರ್ಷದ ನೋಡಾರ್ ಕುಮಾರಿತಾಷ್ವಿಲಿ ಟ್ರ್ಯಾಕ್‌ನಿಂದ ಹೊರಕ್ಕೆಸೆಯಲ್ಪಟ್ಟು ಕಂಬಕ್ಕೆ ಬಡಿದು ತೀರಿಕೊಂಡರು. ಅದಾದ ಮೇಲೆ ಪುರುಷರ ಆರಂಭದ ಜಾಗವನ್ನು ಕೆಳಕ್ಕಿಳಿಸಿದರು. ಅದೇ ಟ್ರ್ಯಾಕ್‌ನಲ್ಲಿ, ಅದರ ಮರುದಿನದಿಂದ, ಕೇಶವನ್ ಮತ್ತು ಉಳಿದವರು ನಾಲ್ಕು ಸಲ ಇಳಿದರು. ಆ ನಾಲ್ಕು ಓಟಗಳ ಕೊನೆಗೆ ಬಂದ 29ನೆಯ ಸ್ಥಾನವನ್ನು ಓದುವಾಗ ನೋಡಾರ್ ಹೆಸರೂ ನೆನಪಾಗುತ್ತದೆ.

ಈಗ ಏನು

2020ರಲ್ಲಿ ಕೇಶವನ್‌ಗೆ ಅರ್ಜುನ ಪ್ರಶಸ್ತಿ ಬಂತು, ನಿವೃತ್ತಿಯಾಗಿ ಎರಡು ವರ್ಷಗಳ ನಂತರ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಸ್ಕೀ ಪಟು ಆರಿಫ್ ಖಾನ್ ಒಬ್ಬರೇ, ಲೂಜ್‌ನಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಒಂದು ಟ್ರ್ಯಾಕ್ ಕಟ್ಟಿಬಿಡಬೇಕೇ ಎಂದು ಕೇಳಿದರೆ, ನಾನು ಅಷ್ಟು ಸುಲಭವಾಗಿ ಹೌದು ಎನ್ನಲಾರೆ. ಇವು ವಿಪರೀತ ಖರ್ಚಿನ ಕಟ್ಟಡಗಳು. 2006ರ ಒಲಿಂಪಿಕ್ಸ್‌ಗೆಂದು ಇಟಲಿಯ ಚೆಸಾನಾದಲ್ಲಿ ಕಟ್ಟಿದ ಟ್ರ್ಯಾಕ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಕೇಶವನ್ ಮೊದಲ ಸಲ ಇಳಿದ ನಾಗಾನೋದ ಟ್ರ್ಯಾಕ್‌ನಲ್ಲಿ 2018ರಲ್ಲಿ ಮಂಜುಗಡ್ಡೆ ಕಟ್ಟಿಸುವುದನ್ನೇ ನಿಲ್ಲಿಸಿದರು. ಹಾಕ್ಲ್ ಅವರ ಊರಿನ ಟ್ರ್ಯಾಕ್ 2021ರ ಜುಲೈ ಪ್ರವಾಹದಲ್ಲಿ ಬಹಳ ಹಾನಿಗೊಂಡಿತು. ಆದರೆ ಆರಂಭದ ಅಭ್ಯಾಸಕ್ಕೆ ಒಂದು ಸಣ್ಣ ಮಂಜುಗಡ್ಡೆಯ ಇಳಿಜಾರು, ಹಿಮಾಚಲದ ಶಾಲೆಗಳಲ್ಲಿ ಚಕ್ರದ ಸ್ಲೆಡ್‌ಗಳು, ವರ್ಷಕ್ಕೆ ಕೆಲವು ತಿಂಗಳು ಹೊರದೇಶದಲ್ಲಿ ಇಳಿಯಲು ಖಚಿತವಾದ ಹಣ, ಇವು ನಮ್ಮ ಕೈಗೆ ಮೀರಿದವಲ್ಲ. ಕೇಶವನ್‌ಗೆ ಇಪ್ಪತ್ತು ವರ್ಷದಲ್ಲಿ ಸಿಗದೆ ಹೋದದ್ದರಲ್ಲಿ ಟ್ರ್ಯಾಕ್‌ಗಿಂತಲೂ ಮುಖ್ಯವಾದದ್ದು, ಮುಂದಿನ ವರ್ಷವೂ ಹಣ ಬರುತ್ತದೆ ಎಂಬ ಭರವಸೆ ಎಂದು ನನ್ನ ಎಣಿಕೆ.

ಸ್ಥಾನದ ಅಂಕಿ ಒಂದನ್ನೇ ಓದಿ ಮುಗಿಸುವ ಅಭ್ಯಾಸವನ್ನು ನಮ್ಮ ರಾಜ್ಯದ ಆಟಗಾರರ ವಿಷಯದಲ್ಲಿಯೂ ನಾವು ಬೆಳೆಸಿಕೊಂಡಿದ್ದೇವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 27ನೆಯವರಾದರು ಎಂದು ಓದಿದೆವು. ಅವರು 54.31 ಸೆಕೆಂಡಿನಲ್ಲಿ ಈಜಿದ್ದರು, ಅದಕ್ಕೆ ಒಂದು ತಿಂಗಳ ಹಿಂದೆ ರೋಮ್‌ನಲ್ಲಿ 53.77ರಲ್ಲಿ ಈಜಿ ಒಲಿಂಪಿಕ್ಸ್‌ನ ಎ ದರ್ಜೆಯ ಅರ್ಹತೆ ಪಡೆದಿದ್ದರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಕೊಟ್ಟರೆ, ಹುಡುಗ ತನ್ನ ಶ್ರೇಷ್ಠ ಈಜಿಗಿಂತ ಅರ್ಧ ಸೆಕೆಂಡ್ ಹಿಂದೆ ಬಿದ್ದ, ಯಾಕೆ ಎಂದು ಓದುಗರು ಕೇಳತೊಡಗುತ್ತಾರೆ. ಆ ಪ್ರಶ್ನೆಯಿಂದ ಆಟದ ಬಗ್ಗೆ ಮಾತು ಹುಟ್ಟುತ್ತದೆ. 27 ಎಂಬ ಅಂಕಿ ಒಂದನ್ನೇ ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ದಸರಾ ಕ್ರೀಡಾಕೂಟ ಬಂದಾಗ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಮಂಡ್ಯ, ಚಾಮರಾಜನಗರ, ಹಾಸನದ ಹಳ್ಳಿಗಳಿಂದ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಹೆಚ್ಚಿನವರ ಊರಿನಲ್ಲಿ ಓಡಲು ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಕಬ್ಬಿನ ಗದ್ದೆಯ ಪಕ್ಕದ ನಾಲೆ ಏರಿಯ ಮೇಲೆ ಓಡಿ ಬಂದವರಿದ್ದಾರೆ. ಮರುದಿನದ ಪತ್ರಿಕೆಯಲ್ಲಿ ಮೊದಲ ಮೂವರ ಹೆಸರು ಇರುತ್ತದೆ, ಕೆಲವೊಮ್ಮೆ ಅವರ ಸಮಯವೂ ಇರುವುದಿಲ್ಲ. ಈ ಸಲ ಕ್ರೀಡಾಕೂಟ ಶುರುವಾಗುವ ಮೊದಲೇ ಸಂಘಟಕರನ್ನೂ ನನಗೆ ಪರಿಚಯದ ವರದಿಗಾರರನ್ನೂ ಕಂಡು, ಫೈನಲ್ ಓಡಿದ ಎಂಟೂ ಮಂದಿಯ ಹೆಸರು, ಊರು, ಸಮಯ ಮೂರನ್ನೂ ಪ್ರಕಟಿಸಿ ಎಂದು ಕೇಳಬೇಕೆಂದಿದ್ದೇನೆ. ದೊಡ್ಡಪ್ಪನಿಗೆ ಹೇಳಿದಾಗ, ಅವರ ಹಿಂದಿನ ವರ್ಷದ ಸಮಯವನ್ನೂ ಕೇಳು ಎಂದರು.